ಸಿಎಫ್‌ಡಿಗೆ ದುಡ್ಡು ಹಾಕೋ ಮೊದಲು, ತಮಾ

ತಮಾ, ನಿನ್ನ ಮೆಸೇಜ್ ಓದಿದೆ. ಶಿರಸಿಯಿಂದ ಇಂಗ್ಲೆಂಡಿನ ಲೆಸ್ಟರ್‌ಗೆ ಬಂದು ಎರಡು ತಿಂಗಳಾಯ್ತು, ರೂಮ್‌ಮೇಟ್ ಫೋನಲ್ಲೇ ಸಿಎಫ್‌ಡಿ ಟ್ರೇಡಿಂಗ್ ಮಾಡ್ತಾನೆ, 200 ಪೌಂಡ್ ಹಾಕಿದ್ರೆ 1,000 ಪೌಂಡಿನ ಷೇರು ಸಿಗುತ್ತೆ ಅಂತಾನೆ, ನಾನೂ ಹಾಕಲಾ ಅಂತ ಕೇಳಿದ್ದೀಯ. ಷೇರು ಸಿಗೋದೇ ಇಲ್ಲ. ಸಿಎಫ್‌ಡಿ ಅಂದ್ರೆ ರೇಟಿನ ವ್ಯತ್ಯಾಸದ ಮೇಲೆ ಮಾತ್ರ ಮಾಡೋ ಕರಾರು. ಮೊದಲು ಅದನ್ನ ತಿಳ್ಕೋ.

ನಮ್ಮೂರ ಲೆಕ್ಕದಲ್ಲೇ ಹೇಳ್ತೇನೆ. ರಾಶಿ ಅಡಿಕೆ ಕ್ವಿಂಟಲ್‌ಗೆ 40,000 ಇದೆ ಅಂದ್ಕೋ. ನೀನು ಒಬ್ಬರ ಹತ್ರ 10 ಕ್ವಿಂಟಲ್‌ಗೆ ಕರಾರು ಮಾಡಿದೆ. ಒಂದು ಚೀಲವೂ ನಿನ್ನ ಅಟ್ಟಕ್ಕೆ ಬರೋದಿಲ್ಲ. ರೇಟು 42,000 ಆದ್ರೆ ವ್ಯತ್ಯಾಸದ 20,000 ಅವರು ನಿಂಗೆ ಕೊಡ್ತಾರೆ, 38,000ಕ್ಕೆ ಇಳಿದ್ರೆ ಅಷ್ಟೇ ದುಡ್ಡು ನೀನು ಕೊಡ್ಬೇಕು. ಇಳಿಯುತ್ತೆ ಅಂತಲೂ ಕರಾರು ಮಾಡ್ಬಹುದು.

4 ಲಕ್ಷದ ಈ ವ್ಯವಹಾರಕ್ಕೆ ನೀನಿಟ್ಟಿದ್ದು ಬರೀ 80,000. ಅದೇ ಮಾರ್ಜಿನ್. ರೇಟು ನೂರಕ್ಕೆ ಹತ್ತು ಇಳಿದ್ರೆ ನಿನ್ನ ದುಡ್ಡಲ್ಲಿ ಅರ್ಧ ಹೋಯ್ತು, ಆಗ ನಿನ್ನ ಕೇಳದೆ ಕರಾರು ಮುಚ್ತಾರೆ, ಇಲ್ಲಿನ ನಿಯಮವೇ ಹಾಗಿದೆ. ಮರುದಿನ ರೇಟು ಏರಿದ್ರೂ ನಿಂಗೇನೂ ಇಲ್ಲ. ಊರಲ್ಲಿ ಅಡಿಕೆ ಇದ್ದವರು ಒಳ್ಳೆ ರೇಟು ಬರಲಿ ಅಂತ ತಿಂಗಳುಗಟ್ಟಲೆ ಇಟ್ಕೊಂಡು ಕಾಯ್ತಾರೆ ಅಲ್ವಾ, ಇದರಲ್ಲಿ ಹಾಗೆ ಕಾಯೋಕೆ ಆಗೋದಿಲ್ಲ. ಕಾದ್ರೂ ರಾತ್ರಿಗಿಷ್ಟು ಅಂತ ಬಡ್ಡಿ, ಅದೂ ಷೇರಿನ ಕರಾರಾದ್ರೆ ಸಾಮಾನ್ಯವಾಗಿ ಪೂರ್ತಿ ಮೊತ್ತದ ಮೇಲೆ.

ನನ್ನ ಜೊತೆ ಮನೆ ಹಂಚ್ಕೊಂಡಿದ್ದ ಒಬ್ಬ ಹುಡುಗ ಹೀಗೇ ಕಳ್ಕೊಂಡ. ಯೂರೋ 1.20 ಸ್ವಿಸ್ ಫ್ರಾಂಕ್‌ಗಿಂತ ಕೆಳಗೆ ಇಳಿಯೋದಿಲ್ಲ ಅಂತ ನಂಬಿ ದುಡ್ಡು ಹಾಕಿದ್ದ. 2015ರ ಜನವರಿ 15ರಂದು ಬೆಳಿಗ್ಗೆ ಇಲ್ಲಿನ ಟೈಮ್ ಒಂಬತ್ತೂವರೆಗೆ ಸ್ವಿಸ್ ಕೇಂದ್ರ ಬ್ಯಾಂಕ್ ತಾನೇ ಇಟ್ಟಿದ್ದ ಆ ಮಿತಿ ತೆಗೆದುಬಿಟ್ಟಿತು, ನಿಮಿಷಗಳಲ್ಲಿ ಯೂರೋ ಕುಸಿಯಿತು. ಅಡುಗೆಮನೇಲಿ ಚಾ ಲೋಟ ಹಿಡ್ಕೊಂಡು ಫೋನನ್ನೇ ನೋಡ್ತಾ ನಿಂತಿದ್ದ. ಚಾ ಮೇಲೆ ಕೆನೆ ಕಟ್ಟಿತ್ತು, ಒಂದು ಗುಟುಕೂ ಕುಡಿದಿರಲಿಲ್ಲ. ಹಾಕಿದ್ದೆಲ್ಲ ಹೋಗಿ ಮೇಲಿಂದ ಬಾಕಿ ಕಟ್ಟು ಅಂತ ಪತ್ರ ಬೇರೆ ಬಂತು.

ಈಗ ನಮ್ಮಂಥವರ ಖಾತೆ ಸೊನ್ನೆಗಿಂತ ಕೆಳಗೆ ಹೋಗಬಾರದು ಅಂತ ಇಲ್ಲಿ ನಿಯಮ ಇದೆ. ನೀನಿಟ್ಟ ದುಡ್ಡಿನ ಎಷ್ಟು ಪಟ್ಟು ಕರಾರು ಮಾಡ್ಬಹುದು ಅನ್ನೋದಕ್ಕೂ ಮಿತಿ ಇದೆ: ಷೇರಿಗೆ 5 ಪಟ್ಟು, ದೊಡ್ಡ ಕರೆನ್ಸಿಗಳಿಗೆ 30 ಪಟ್ಟು, ಅದಕ್ಕಿಂತ ಜಾಸ್ತಿ ಕೊಡೋ ಹಾಗಿಲ್ಲ. ವಾಟ್ಸಾಪಲ್ಲಿ 500 ಪಟ್ಟು ಕೊಡ್ತೇವೆ ಅಂತ ಬಂದ್ರೆ ಉತ್ತರವನ್ನೂ ಕೊಡಬೇಡ. 2018ರಲ್ಲಿ ಯುರೋಪಿನ ನಿಯಂತ್ರಕರು ಲೆಕ್ಕ ಹಾಕಿದಾಗ ಸಣ್ಣ ಖಾತೆಗಳಲ್ಲಿ ನೂರಕ್ಕೆ 74ರಿಂದ 89 ನಷ್ಟದಲ್ಲೇ ಇದ್ದವು. ಅಮೆರಿಕದಲ್ಲಂತೂ ಜನಸಾಮಾನ್ಯರಿಗೆ ಇದನ್ನ ಮಾರೋ ಹಾಗೇ ಇಲ್ಲ.

ನೀನು ಬ್ಯಾಂಕಲ್ಲಿ ಇಟ್ಟಿರೋದು ಬಾಡಿಗೆ ದುಡ್ಡು, ಅದನ್ನ ಮುಟ್ಟಬೇಡ. ಮೂರು ತಿಂಗಳ ಖರ್ಚು ಬದಿಗಿಟ್ಟ ಮೇಲೂ ಉಳಿದ್ರೆ ಸ್ಟಾಕ್ಸ್ ಅಂಡ್ ಷೇರ್ಸ್ ಐಸಾ ಅನ್ನೋ ಹೂಡಿಕೆ ಖಾತೆ ತೆರೆ, ಅಲ್ಲಿ ನಿಜವಾದ ಷೇರು, ಫಂಡು ನಿನ್ನ ಪಾಲಿಗೆ ಬರುತ್ತೆ, ಲಾಭಕ್ಕೆ ಇಲ್ಲಿ ತೆರಿಗೆ ಇಲ್ಲ. ಭಾನುವಾರ ಫೋನ್ ಮಾಡು. ಆ ಆಪ್‌ನಲ್ಲಿ ಬಡ್ಡಿ ಎಷ್ಟು ಹಿಡೀತಾರೆ ಅಂತ ಬರೆದಿರೋ ಪುಟದ ಸ್ಕ್ರೀನ್‌ಶಾಟ್ ತೆಗೆದಿಡು, ಇಬ್ರೂ ಕೂತು ನೋಡೋಣ.