ಪ್ರತಿಕ್ರಿಯೆ: ವಯಸ್ಸಾದ ತಾಯಿಯೊಂದಿಗೆ ವಿಜಯಪುರದಲ್ಲಿ ಒಂದು ದಿನ

ಮಾನ್ಯರೇ, ಮಂಡಿನೋವಿರುವ ತಾಯಿಯವರೊಂದಿಗೆ ಪ್ಯಾಕೇಜ್ ಪ್ರವಾಸದ ಹಂಗಿಲ್ಲದೆ ಒಂದೇ ದಿನದಲ್ಲಿ ವಿಜಯಪುರವನ್ನು ನೋಡಿ, ಇಳಕಲ್ ಸೀರೆಯನ್ನೂ ಕೊಳ್ಳಲು ಸಾಧ್ಯವೇ ಎಂದು ಕೇಳಿದ್ದೀರಿ. ಖಂಡಿತ ಸಾಧ್ಯ, ಆದರೆ ಎಲ್ಲವನ್ನೂ ನೋಡಲೇಬೇಕೆಂಬ ಹಟ ಬೇಡ.

ಆದಿಲ್‌ಶಾಹಿಗಳ ಈ ರಾಜಧಾನಿಯಲ್ಲಿ ಗೋಲಗುಮ್ಮಟವನ್ನು ಬೆಳಗ್ಗೆ ಬಾಗಿಲು ತೆರೆಯುತ್ತಿದ್ದಂತೆಯೇ ನೋಡಬೇಕು, ಏಕೆಂದರೆ ಶಾಲಾ ಮಕ್ಕಳ ಗುಂಪುಗಳು ಬಂದು ಕೂಗಾಟ ಶುರುವಾದ ಮೇಲೆ ಪಿಸುಗುಟ್ಟುವ ಗ್ಯಾಲರಿಯಲ್ಲಿ (ಒಂದು ಬದಿಯ ಪಿಸುಮಾತು ಎದುರು ಬದಿಗೂ ಕೇಳಿಸುವ, ಗುಮ್ಮಟದೊಳಗಿನ ಮೇಲಿನ ಮೊಗಸಾಲೆಯಲ್ಲಿ) ಪಿಸುಮಾತೊಂದನ್ನು ಬಿಟ್ಟು ಉಳಿದೆಲ್ಲವೂ ಕೇಳಿಸುತ್ತದೆ. ಅಲ್ಲಿಗೆ ಹೋಗಲು ಮೂಲೆಯ ಗೋಪುರದೊಳಗಿನ ಇಕ್ಕಟ್ಟಾದ, ಕಡಿದಾದ ಮೆಟ್ಟಿಲುಗಳೇ ದಾರಿ; ತಾಯಿಯವರು ಕೆಳಗಿನ ವಿಶಾಲ ಸಭಾಂಗಣದಲ್ಲಿಯೇ ಉಳಿಯುವುದು ಲೇಸು. ಮುಂಭಾಗದ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಅವರಿಗೆ ನಿಜವಾಗಿ ಹಿಡಿಸುವುದು ಊರಿನ ಪಶ್ಚಿಮಕ್ಕಿರುವ, ಎರಡನೇ ಇಬ್ರಾಹಿಂ ಆದಿಲ್‌ಶಾಹನ ಸಮಾಧಿಯಾದ ಇಬ್ರಾಹಿಂ ರೋಜಾ: ಗೋಡೆಗಳ ಮೇಲೆ, ಕಿಟಕಿಯ ಕಲ್ಲಿನ ಜಾಲಂಧ್ರಗಳಲ್ಲಿಯೂ ಅಕ್ಷರಗಳನ್ನು ಕೊರೆದಿರುವ ಆ ಕುಸುರಿ ಗೋಲಗುಮ್ಮಟದಲ್ಲಿ ಇಲ್ಲ. ಇಡೀ ದಿನಕ್ಕೆ ಒಂದೇ ಆಟೋವನ್ನು ಮಾತನಾಡಿಕೊಂಡು, ಕಾಯುವ ಬಾಡಿಗೆಯನ್ನೂ ಮೊದಲೇ ನಿಗದಿಪಡಿಸಿಕೊಳ್ಳಿ. ಮಲಿಕ್-ಎ-ಮೈದಾನ್ ತೋಪು, ಅರ್ಧಕ್ಕೇ ನಿಂತ ಸಮಾಧಿಯಾದ ಬಾರಾ ಕಮಾನು ದಾರಿಯಲ್ಲಿಯೇ ಮುಗಿಯುತ್ತವೆ.

ಸೀರೆಯನ್ನು ಕೊಳ್ಳುವಾಗ ಅಂಗಡಿಯವರ ಮಾತಿಗಿಂತ ಸೆರಗನ್ನು ನಂಬಿರಿ. ಸಾಂಪ್ರದಾಯಿಕ ಕೈಮಗ್ಗದ ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿನ ಎಳೆಗಳನ್ನೂ ಸೆರಗಿನ ರೇಷ್ಮೆ ಎಳೆಗಳನ್ನೂ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಒಡಲು ಮುಗಿದು ಸೆರಗು ಆರಂಭವಾಗುವಲ್ಲಿ ಬಟ್ಟೆಯನ್ನು ಬೆಳಕಿಗೆ ಹಿಡಿದರೆ ಆ ಸಾಲು ಕಾಣುತ್ತದೆ. ಕೆಂಪು ಸೆರಗಿನ ಬಿಳಿ ತೆನೆ ವಿನ್ಯಾಸವು ಅಚ್ಚು ಹಾಕಿದ್ದೋ ನೇಯ್ದದ್ದೋ ಎಂಬುದನ್ನು ಹಿಂಬದಿಯನ್ನು ತಿರುಗಿಸಿ ನೋಡಿಕೊಳ್ಳಿ. ಮಧ್ಯಾಹ್ನದ ಬಿಸಿಲಿನ ಹೊತ್ತನ್ನು ಈ ಖರೀದಿಗೆಂದೇ ಇಟ್ಟುಕೊಂಡರೆ ತಾಯಿಯವರಿಗೂ ಅಂಗಡಿಯ ಗಾದಿಯ ಮೇಲೆ ಕುಳಿತು ಆರಿಸುವಷ್ಟು ವಿಶ್ರಾಂತಿ ದೊರೆಯುತ್ತದೆ.