ಗೊಬ್ಬರದಂಗಡಿ, ಉದ್ರಿ, ಮನೆಯ ಜಗಳ: ರಾಣೆಬೆನ್ನೂರು ಕಡೆಯ ಅಕ್ಕನ ಪ್ರಶ್ನೆಗೆ ಉತ್ತರ

ಅಕ್ಕಾ, ನಮಸ್ಕಾರ. ಪ್ರಶ್ನೆ ಓದದವರಿಗಾಗಿ ಎರಡು ಮಾತು: ಇವರ ಯಜಮಾನರು ನಾಲ್ಕು ವರ್ಷದ ಹಿಂದೆ ಬೀಜ, ಗೊಬ್ಬರ, ಔಷಧಿ ಅಂಗಡಿ ಹಾಕಿದ್ದಾರೆ. ಮುಂಗಾರಿನಲ್ಲಿ ಮನೆಗೆ ಬರುವುದು ರಾತ್ರಿ ಹತ್ತರ ಮೇಲೆ, ಊಟದ ತಟ್ಟೆಯ ಪಕ್ಕದಲ್ಲೇ ಫೋನು, ಅಕ್ಕನ ಒಡವೆ ಬ್ಯಾಂಕಿನಲ್ಲಿ, ಕೇಳಿದರೆ ಜಗಳ. ಮೇಲಿನ ಉತ್ತರಗಳಲ್ಲಿ ಕೆಲವರು "ಅಂಗಡಿ ಮುಚ್ಚಿಸಿ" ಅಂದಿದ್ದೀರಿ, ಕೆಲವರು "ಹೊಂದಿಕೊಂಡು ಹೋಗಿ" ಅಂದಿದ್ದೀರಿ. ಎರಡೂ ಬೇಡ. ತಡವಾಗಿ ಬರುವುದು, ಸಿಡುಕುವುದು ಕಣ್ಣಿಗೆ ಕಾಣುತ್ತದೆ. ಬೇರು ಬಹುತೇಕ ಉದ್ರಿ ಪುಸ್ತಕದಲ್ಲಿರುತ್ತದೆ. ಅದನ್ನು ಇಬ್ಬರೂ ಕೂಡಿ ನೋಡುವ ತನಕ ಬೇರೆ ಯಾವ ಮಾತೂ ನಿಲ್ಲುವುದಿಲ್ಲ.

ಈ ವ್ಯಾಪಾರದ ಒಳಗುಟ್ಟು ಮೊದಲು ತಿಳಿದಿರಲಿ. ಯೂರಿಯಾ 45 ಕೆ.ಜಿ. ಚೀಲಕ್ಕೆ 266 ರೂಪಾಯಿ 50 ಪೈಸೆ. ಮಾರುವವರ ಕಮಿಷನ್ ಟನ್ನಿಗೆ 354 ರೂಪಾಯಿ, ಅಂದರೆ ಚೀಲಕ್ಕೆ ಸುಮಾರು 16 ರೂಪಾಯಿ. ಒಂದು ಚೀಲದ ಹಣ ಮುಳುಗಿದರೆ ಹದಿನೇಳು ಚೀಲ ಮಾರಿದ ಕಮಿಷನ್ ಹೋಯಿತು. ಜೂನ್‌ನಲ್ಲಿ ಗೋವಿನಜೋಳಕ್ಕೆ ಅಂತ ಒಯ್ದ ಬೀಜ ಗೊಬ್ಬರದ ದುಡ್ಡು ಬರುವುದು ಫಸಲು ಮಾರಿದ ಮೇಲೆ, ನವೆಂಬರ್-ಡಿಸೆಂಬರಿಗೆ. ಅಲ್ಲಿಯವರೆಗೆ ಮಾಲು ಕೊಟ್ಟವರು ಕಾಯುವುದಿಲ್ಲ. 6 ಲಕ್ಷ ಉದ್ರಿ ಐದು ತಿಂಗಳು ನಿಂತರೆ, ವರ್ಷಕ್ಕೆ ನೂರಕ್ಕೆ 12ರ ಬಡ್ಡಿಯಲ್ಲಿ 30,000 ರೂಪಾಯಿ ಸುಮ್ಮನೆ ಹೋಗುತ್ತದೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ನಿಮ್ಮ ಯಜಮಾನರ ಮುಖ ಗಂಟಿಕ್ಕಿದ್ದರೆ ಆ ಸಿಟ್ಟು ಬಹುಪಾಲು ನಿಮ್ಮ ಮೇಲಿನದಲ್ಲ. ಬರಬೇಕಾದ ದುಡ್ಡು ಊರ ತುಂಬ ಇದೆ, ಗಲ್ಲಾದಲ್ಲಿ ಇಲ್ಲ; ಇದನ್ನು ಮನೆಯಲ್ಲಿ ಹೇಳಿಕೊಳ್ಳಲು ಗಂಡಸರಿಗೆ ಬಾಯಿ ಬರುವುದಿಲ್ಲ.

ಹಾಗಾದರೆ ಲೆಕ್ಕ ಕೇಳುವುದು ಹೇಗೆ? "ಎಷ್ಟು ಸಾಲ ಮಾಡಿದ್ದೀರಿ?" ಅಂತ ಶುರು ಮಾಡಿದರೆ ಅಲ್ಲಿಗೇ ಮುಗಿಯಿತು. ಅಂಗಡಿಗೆ ಬ್ಯಾಂಕಿನ ಸಿಸಿ ಸಾಲ (ಮಾಲು, ಉದ್ರಿಯ ಆಧಾರದ ಮೇಲೆ ಬೇಕಾದಾಗ ತೆಗೆದು ಕಟ್ಟುವ ಸಾಲ) ಇದ್ದರೆ ತಿಂಗಳಿಗೊಮ್ಮೆ ಸ್ಟಾಕ್ ಸ್ಟೇಟ್‌ಮೆಂಟ್ ಕೊಡುತ್ತಿರುತ್ತಾರೆ: ಗೋಡೌನಿನಲ್ಲಿ ಎಷ್ಟು ಮಾಲಿದೆ, ಯಾರಿಂದ ಎಷ್ಟು ಬರಬೇಕು, ಯಾರಿಗೆ ಎಷ್ಟು ಕೊಡಬೇಕು, ಎಲ್ಲ ಅದರಲ್ಲಿರುತ್ತದೆ. ಅದರದೇ ಒಂದು ಪ್ರತಿ ಮನೆಗೂ ಬರಲಿ ಅನ್ನಿ. ಅವರಿಗೆ ಹೊಸ ಕೆಲಸ ಇಲ್ಲ, ಅನುಮಾನ ಪಟ್ಟ ಹಾಗೂ ಆಗುವುದಿಲ್ಲ. ಬ್ಯಾಂಕ್ ಮ್ಯಾನೇಜರಿಗೆ ಗೊತ್ತಿರುವ ಲೆಕ್ಕ ಹೆಂಡತಿಗೂ ಗೊತ್ತಿರಬೇಕು, ಇದರಲ್ಲಿ ಸಂಕೋಚ ಪಡುವಂಥದ್ದು ಏನೂ ಇಲ್ಲ. ಅದರಲ್ಲಿ ಮೊದಲು ನೋಡಬೇಕಾದ್ದು 90 ದಿನ ದಾಟಿದ ಉದ್ರಿ. ಎಷ್ಟು ಸಾಲ ಕೊಡಬಹುದು ಅಂತ ನೋಡುವಾಗ ಸಾಮಾನ್ಯವಾಗಿ ಬ್ಯಾಂಕು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆ ಸಾಲು ಪ್ರತಿ ತಿಂಗಳು ಬೆಳೆಯುತ್ತಿದ್ದರೆ ಎಷ್ಟೇ ಗಿರಾಕಿ ಬಂದರೂ ಅಂಗಡಿ ಸೊರಗುತ್ತಿದೆ ಅಂತ ಅರ್ಥ.

ಇನ್ನು ಮನೆಖರ್ಚು. ಗಲ್ಲಾದಿಂದ ಇವತ್ತು 500, ನಾಳೆ 1,000 ತೆಗೆದು ಕೊಡುವ ಪದ್ಧತಿ ಮೊದಲು ನಿಲ್ಲಬೇಕು. ಅದರಿಂದ ನಿಮಗೆ ಬೇಡಿದ ಹಾಗೆ ಅನ್ನಿಸುತ್ತದೆ, ಅವರಿಗೆ ದಿನಾ ಕೊಟ್ಟ ಹಾಗೆ ಅನ್ನಿಸುತ್ತದೆ, ಇಬ್ಬರಿಗೂ ಒಟ್ಟು ಎಷ್ಟಾಯಿತು ಗೊತ್ತಿರುವುದಿಲ್ಲ. ಹಿಂದಿನ ಮೂರು ತಿಂಗಳ ಕಿರಾಣಿ, ಹಾಲು, ಗ್ಯಾಸು, ಕರೆಂಟು, ಮಕ್ಕಳ ಫೀ, ಅತ್ತೆ-ಮಾವನ ಮಾತ್ರೆ, ಮದುವೆ-ಮುಂಜಿ ಮುಯ್ಯಿ ಎಲ್ಲ ಬರೆದು ಸರಾಸರಿ ತೆಗೆಯಿರಿ. 28,000 ಬಂತು ಅಂತಿಟ್ಟುಕೊಳ್ಳಿ. ಪ್ರತಿ ತಿಂಗಳು 5ನೇ ತಾರೀಖು ಅಂಗಡಿಯ ಕರೆಂಟ್ ಅಕೌಂಟಿನಿಂದ ನಿಮ್ಮ ಉಳಿತಾಯ ಖಾತೆಗೆ ಅಷ್ಟು ತಾನಾಗೇ ಬರುವಂತೆ ಬ್ಯಾಂಕಿನಲ್ಲಿ ಬರೆದುಕೊಡಿಸಿ. ವಸೂಲಿ ಬರುವ ನವೆಂಬರ್-ಡಿಸೆಂಬರಿನಲ್ಲಿ ಆರು ತಿಂಗಳದ್ದು, 1,68,000, ಮೊದಲೇ ತೆಗೆದು ಠೇವಣಿ ಇಟ್ಟರೆ ಮುಂದಿನ ಮುಂಗಾರು ಸಲೀಸು. ಇದು ತಪ್ಪುವುದು ಹೆಚ್ಚಾಗಿ ಒಂದೇ ಕಡೆ: ಲೋಡ್ ಬಂದ ದಿನ "ಎರಡು ದಿನಕ್ಕೆ ಕೊಡು" ಅಂತ ಮನೆ ದುಡ್ಡನ್ನೇ ತಿರುಗಿ ಕೇಳುತ್ತಾರೆ. ಕೊಡಲೇಬೇಕಾದರೆ ಕೊಡಿ, ಆದರೆ ವಾಪಸ್ ಕೊಡುವ ತಾರೀಖು ಬರೆಸಿಕೊಂಡು ಕೊಡಿ. ನೀವೂ ಮಧ್ಯಾಹ್ನ ಕೌಂಟರಿನಲ್ಲಿ ಕೂರುತ್ತಿದ್ದರೆ ಅದಕ್ಕೆ ಬೇರೆ ಸಂಬಳ ಗೊತ್ತು ಮಾಡಿ, ಮನೆಖರ್ಚಿನೊಳಗೆ ಸೇರಿಸಬೇಡಿ.

ಉದ್ರಿಗೆ ಮಿತಿ ಇಬ್ಬರೂ ಕೂತು ಹಾಕಬೇಕು. ಹಿಂದಿನ ಹಂಗಾಮಿನದು ತೀರಿಸದವರಿಗೆ ಹೊಸದಾಗಿ ಕೊಡಬಾರದು. ಕೊಟ್ಟಾಗಲೆಲ್ಲ ಪುಸ್ತಕದಲ್ಲಿ ಒಯ್ದವರ ಸಹಿ ಇರಬೇಕು. ನೆಂಟರ ವಿಷಯ ಸೂಕ್ಷ್ಮ: ಯಜಮಾನರ ಅಣ್ಣತಮ್ಮಂದಿರಿಗೂ ನಿಮ್ಮ ತವರಿನವರಿಗೂ ಒಂದೇ ಮಿತಿ. ಒಂದು ಕಡೆ ಸಡಿಲ ಬಿಟ್ಟರೂ ಅದೇ ಹೊಸ ಜಗಳ.

ಒಡವೆಯ ಮಾತಿಗೆ ಬರೋಣ, ನಿಮ್ಮ ಪ್ರಶ್ನೆಯಲ್ಲಿ ನೋವು ಇರುವುದು ಅಲ್ಲೇ. ನಿಮ್ಮ ಸ್ತ್ರೀಧನ ಕಾನೂನಿನಲ್ಲೂ ನಿಮ್ಮದೇ, ಅಂಗಡಿಯದ್ದಲ್ಲ. ಕೊಟ್ಟಿದ್ದು ತಪ್ಪಲ್ಲ, ಬರೆದಿಡದೆ ಕೊಟ್ಟಿದ್ದು ತಪ್ಪು. ಅಡವಿನ ಚೀಟಿ ನಿಮ್ಮ ಕಪಾಟಿನಲ್ಲಿರಲಿ. ಒಂದು ಹಾಳೆಯಲ್ಲಿ ಯಾವ ಒಡವೆ, ಎಷ್ಟು ಗ್ರಾಂ, ಯಾವ ಬ್ಯಾಂಕು, ಎಷ್ಟು ಸಾಲ, ಕಟ್ಟುವ ಕೊನೆಯ ದಿನ ಬರೆದು ಇಬ್ಬರೂ ಸಹಿ ಹಾಕಿ. ಒಂದೇ ಸಲಕ್ಕೆ ತೀರಿಸುವ ಚಿನ್ನದ ಸಾಲದ ಅವಧಿ ಸಾಮಾನ್ಯವಾಗಿ 12 ತಿಂಗಳು. ಆಮೇಲೆ ನೋಟಿಸು, ಹರಾಜು. ಜೂನ್‌ನಲ್ಲಿ ಅಡವಿಟ್ಟರೆ ತಿರುಗಿ ಜೂನ್‌ನಲ್ಲೇ, ಅಂದರೆ ದುಡ್ಡು ಎಲ್ಲಕ್ಕಿಂತ ಕಡಿಮೆ ಇರುವಾಗಲೇ, ಕಟ್ಟಬೇಕಾಗುತ್ತದೆ. ಅದಕ್ಕೇ ಬಿಡಿಸಿಕೊಳ್ಳುವುದನ್ನು ಡಿಸೆಂಬರ್ ವಸೂಲಿಗೆ ಗಂಟು ಹಾಕಿ. ತಾಳಿ, ಮತ್ತೆ ನಿಮ್ಮ ಮನಸ್ಸಿಗೆ ಹತ್ತಿರದ ಒಂದೆರಡು ಸಾಮಾನು ಯಾವತ್ತೂ ಅಡವಿಗೆ ಹೋಗಬಾರದು ಅಂತ ಈಗಲೇ ಮಾತಾಗಲಿ.

ಸಹಿಯ ವಿಷಯದಲ್ಲಿ ಗಟ್ಟಿಯಾಗಿರಿ. ಅಂಗಡಿ ಅವರೊಬ್ಬರ ಹೆಸರಿನಲ್ಲಿದ್ದರೆ ಅಂಗಡಿ ಸಾಲವೂ ಅವರ ಸ್ವಂತ ಸಾಲವೂ ಒಂದೇ. ನೀವು ಜಾಮೀನು ಹಾಕಿದರೆ ಒಪ್ಪಂದದಲ್ಲಿ ಬೇರೆ ಬರೆಯದಿದ್ದಲ್ಲಿ ಅವರಷ್ಟೇ ಹೊಣೆ ನಿಮಗೂ ಬರುತ್ತದೆ. ಮೊದಲು ಅವರನ್ನು ಕೇಳಿ ಆಮೇಲೆ ನಿಮ್ಮನ್ನು ಕೇಳಬೇಕು ಅಂತ ಇಲ್ಲ. ನಿಮ್ಮ ಖಾತೆಯ ಖಾಲಿ ಚೆಕ್ಕಿಗೆ ಸಹಿ ಮಾಡಿ ಯಾರಿಗೂ ಕೊಡಬೇಡಿ. ಬೌನ್ಸ್ ಆದರೆ ಕೇಸು ಸಹಿ ಹಾಕಿದವರ ಮೇಲೆ. ಯಜಮಾನರ ಹೆಸರಿನಲ್ಲಿ ಟರ್ಮ್ ವಿಮೆ (ಅವಧಿಯೊಳಗೆ ತೀರಿಕೊಂಡರೆ ಮನೆಯವರಿಗೆ ಹಣ ಬರುವ ವಿಮೆ) ಮಾಡಿಸುವಾಗ 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಮಾಡಿಸಿ. ಆಗ ಆ ಹಣ ಹೆಂಡತಿ ಮಕ್ಕಳಿಗೇ ಮೀಸಲು, ಅಂಗಡಿಗೆ ಸಾಲ ಕೊಟ್ಟವರು ಕೈ ಹಾಕುವಂತಿಲ್ಲ. ಪಾಲಿಸಿ ಮಾಡಿಸುವ ದಿನವೇ ಅದರ ಫಾರಂ ತುಂಬಬೇಕು, ಆಮೇಲೆ ಸೇರಿಸಲು ಬರುವುದಿಲ್ಲ. ಏಜೆಂಟರು ತಾವಾಗಿ ಹೇಳುವುದು ಕಡಿಮೆ, ನೀವೇ ಕೇಳಿ.

ಹೊತ್ತಿನ ವಿಷಯ. ಜೂನ್, ಜುಲೈ ಅವರನ್ನು ಬಿಟ್ಟುಬಿಡಿ. ಬಿತ್ತನೆ, ಆಮೇಲೆ ಮೇಲುಗೊಬ್ಬರ, ಲೋಡ್ ಬಂದ ದಿನ ಅಂಗಡಿ ಮುಂದೆ ಸಾಲು. ಅಂಥಾ ದಿನ ಏಳಕ್ಕೆ ಬನ್ನಿ ಅಂದರೆ ಆಗದ ಮಾತು. ಪಂಚಮಿಗೆ ನಿಮ್ಮನ್ನು ತವರಿಗೆ ಕರೆಯಲು ಬಂದಾಗ ಅವರು ಜೊತೆಗೆ ಬರಲಾಗದಿದ್ದರೆ ಅದನ್ನು ಅಸಡ್ಡೆ ಅಂದುಕೊಳ್ಳಬೇಡಿ, ಯೂರಿಯಾ ಓಡುವ ಹೊತ್ತು ಅದು. ಅದಕ್ಕೆ ಬದಲಾಗಿ ಆಗಸ್ಟ್ ಕೊನೆಗೆ ಎರಡು ದಿನ, ಸುಗ್ಗಿ ವಸೂಲಿ ಮುಗಿದ ಮೇಲೆ ನಾಲ್ಕು ದಿನ ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ. ಉಳಿದ ತಿಂಗಳಲ್ಲಿ ವಾರಕ್ಕೊಂದು ದಿನ, ಸಂತೆ ಇಲ್ಲದ ದಿನ, ಮಧ್ಯಾಹ್ನದ ಮೇಲೆ ಅಂಗಡಿ ಬಂದ್. ಅಂಗಡಿಗೆ ಬೇರೆ ಸಿಮ್ಮು ಇರಲಿ, ರಾತ್ರಿ ಎಂಟೂವರೆಗೆ ಆ ಫೋನು ಜಗಲಿಯಲ್ಲೇ ಉಳಿಯಲಿ. ವಾಟ್ಸಾಪ್ ಬಿಸಿನೆಸ್‌ನಲ್ಲಿ "ಬೆಳಿಗ್ಗೆ ಆರಕ್ಕೆ ಉತ್ತರ ಕೊಡುತ್ತೇವೆ" ಅಂತ ತಾನಾಗೇ ಹೋಗುವ ಸಂದೇಶ ಹಾಕಿಡಬಹುದು. ಹುಳದ ಫೋಟೋ ಕಳಿಸಿದ ರೈತ ರಾತ್ರಿ ಹೇಗೂ ಔಷಧಿ ಹೊಡೆಯುವುದಿಲ್ಲ, ಬೆಳಿಗ್ಗೆ ಆರಕ್ಕೆ ಹೇಳಿದರೂ ಅವನ ಕೆಲಸ ಕೆಡುವುದಿಲ್ಲ.

ಲೆಕ್ಕದ ಮಾತನ್ನು ಊಟಕ್ಕೆ ಕೂತಾಗ, ಮಲಗುವಾಗ ಎತ್ತಬೇಡಿ. ವಾರಕ್ಕೊಮ್ಮೆ ಅರ್ಧ ಗಂಟೆ, ಮಕ್ಕಳು ಇಲ್ಲದಾಗ, ಪುಸ್ತಕ ಎದುರಿಗಿಟ್ಟುಕೊಂಡು. ಈ ವಾರ ಎಷ್ಟು ವಸೂಲಿ ಆಯಿತು, ಮುಂದಿನ ವಾರ ಏನು ಕಟ್ಟಬೇಕು, ಮನೆಯಲ್ಲಿ ಏನು ಬರುತ್ತಿದೆ, ಇಷ್ಟೇ. ಜಿಎಸ್‌ಟಿ ತಿಂಗಳಿಗೊಮ್ಮೆ ಕಟ್ಟುವವರಾದರೆ ರಿಟರ್ನ್ಸ್ ಸಲ್ಲಿಸುವ ಕೊನೆಯ ದಿನಗಳಾದ 11 ಮತ್ತು 20ನೇ ತಾರೀಖಿನ ಹಿಂದಿನ ದಿನ ಈ ಮಾತಿಗೆ ಕೂರಬೇಡಿ, ತಲೆ ಆ ಕಡೆಗೇ ಇರುತ್ತದೆ.

ಕೈ ಎತ್ತುವುದು, ಕುಡಿತ, ನಿಮ್ಮ ಸಹಿ ತಾವೇ ಹಾಕುವುದು ಇದ್ದರೆ ಮೇಲಿನ ಯಾವುದೂ ಅದಕ್ಕೆ ಮದ್ದಲ್ಲ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ. ಯಜಮಾನರಿಗೆ ನಿದ್ದೆ ಬಾರದೆ "ಸಾಕಾಯಿತು" ಅನ್ನುವ ಮಾತು ಬರುತ್ತಿದ್ದರೆ ಟೆಲಿ-ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ. ಅದನ್ನು ನಾಳೆಗೆ ಇಟ್ಟುಕೊಳ್ಳಬೇಡಿ.

ಈ ವಾರ ಒಂದೇ ಕೆಲಸ ಮಾಡಿ ಅಕ್ಕಾ: ಅಡವಿನ ಚೀಟಿ ಹುಡುಕಿ ಕೊನೆಯ ದಿನ ಯಾವುದು ನೋಡಿ. ಬ್ಯಾಂಕಿನ ಹೆಸರು, ನಂಬರು ಬೇಡ, ತಾರೀಖು ಮತ್ತು ಬಡ್ಡಿ ದರ ಮಾತ್ರ ಇಲ್ಲಿ ಹಾಕಿ. ಬಡ್ಡಿ ಕಟ್ಟಿ ಮುಂದುವರಿಸುವುದು ಲೇಸೋ, ಸ್ವಲ್ಪ ಸ್ವಲ್ಪ ಬಿಡಿಸಿಕೊಳ್ಳುವುದು ಲೇಸೋ ಲೆಕ್ಕ ಹಾಕಿ ಹೇಳುತ್ತೇನೆ.