ಗಾಂಜಾ ಸೇದುವ ಹುಡುಗನನ್ನು ಸಾಹಸ ಶಿಬಿರಕ್ಕೆ ಕಳುಹಿಸಿದರೆ ಬಿಡುತ್ತಾನೆಯೇ?

ಅಕ್ಕನ ಮಗ ಮಂಡ್ಯದಲ್ಲಿ ಪಿಯುಸಿ ಓದುತ್ತಿದ್ದಾನೆ, ಗೆಳೆಯರ ಜೊತೆ ಗಾಂಜಾ ಸೇದುವುದು ಗೊತ್ತಾಗಿದೆ, ರಜೆಯಲ್ಲಿ ಚಾರಣ ಶಿಬಿರಕ್ಕೆ ಸೇರಿಸಿದರೆ ಸರಿಹೋಗುತ್ತಾನೆಯೇ ಎಂದು ಕೇಳಿದ್ದೀರಿ. ನಾನು ಮೈಸೂರಿನಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. ಇಂಥ ಹುಡುಗರನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತೇನೆ. ಖಂಡಿತ ಕಳುಹಿಸಿ. ಆದರೆ ಶಿಬಿರವನ್ನೇ ಚಿಕಿತ್ಸೆ ಎಂದು ನಂಬಬೇಡಿ.

ಮೊದಲು ಮನೋವೈದ್ಯರಿಗೆ ತೋರಿಸಿ. ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜಾದ ಮಿಮ್ಸ್‌ನಲ್ಲೂ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೂ ಆ ವಿಭಾಗವಿದೆ. ಹುಡುಗ ಗಾಂಜಾದ ಜೊತೆಗೆ ದಿನವೂ ಮದ್ಯವನ್ನೋ ನಿದ್ರೆ ಮಾತ್ರೆಯನ್ನೋ ತೆಗೆದುಕೊಳ್ಳುತ್ತಿದ್ದರೆ, ಒಮ್ಮೆಲೇ ನಿಲ್ಲಿಸಿದಾಗ ಫಿಟ್ಸ್ ಬರಬಹುದು. ಆಸ್ಪತ್ರೆಯಿಂದ ದೂರದ ಬೆಟ್ಟದಲ್ಲಿ ಅದು ಪ್ರಾಣಕ್ಕೇ ಅಪಾಯ. ಆಸ್ಪತ್ರೆಗೆ ಹೊರಡುವ ಧೈರ್ಯ ಸಾಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡುತ್ತಾರೆ. ವ್ಯಸನಮುಕ್ತಿಗೆಂದೇ 14446 ಇದೆ.

ಬೆಟ್ಟದಿಂದ ಆಗುವ ಉಪಕಾರ ಬೇರೆ. ಎದುರು ಕೂರಿಸಿ ಕೇಳಿದರೆ ತುಟಿ ಬಿಚ್ಚದ ಹುಡುಗರು ಪಾಂಡವಪುರದ ಕುಂತಿಬೆಟ್ಟ ಹತ್ತುವಾಗ ತಾವಾಗಿಯೇ ಮಾತಿಗೆ ತೊಡಗುತ್ತಾರೆ, ಏಕೆಂದರೆ ಅಲ್ಲಿ ಯಾರೂ ಅವರ ಮುಖ ನೋಡುತ್ತಿರುವುದಿಲ್ಲ. ಬಂಡೆ ಹತ್ತುವವನ ಹಗ್ಗ ಕೆಳಗಿರುವ ಇನ್ನೊಬ್ಬನ ಕೈಯಲ್ಲಿರುತ್ತದೆ. ಮನೆಯಲ್ಲಿ ದಿನವೂ ಬೈಸಿಕೊಳ್ಳುವವನ ಕೈಗೆ ಆ ಹಗ್ಗ ಕೊಟ್ಟು ನೋಡಿ, ಅವನ ನಿಲುವೇ ಬದಲಾಗುತ್ತದೆ! ಇನ್ನೊಂದು ಲಾಭವೂ ಇದೆ. ಸೇದಬೇಕೆಂಬ ತುಡಿತ ಏರಿ, ಸ್ವಲ್ಪ ಹೊತ್ತು ಕಾಡಿ, ಇಳಿದುಹೋಗುವಂಥದ್ದು. ಸುಸ್ತಾದರೂ ಮುಂದಿನ ತಿರುವಿನವರೆಗೆ ನಡೆದು ಅಭ್ಯಾಸವಾದವನಿಗೆ ಆ ಹೊತ್ತನ್ನು ದಾಟುವುದೂ ಸಾಧ್ಯವೆನಿಸುತ್ತದೆ.

ಸುಳ್ಳು ಹೇಳಿಯೋ ಬಲವಂತದಿಂದಲೋ ಮಾತ್ರ ಕಳುಹಿಸಬೇಡಿ. ಅಮೆರಿಕದಲ್ಲಿ ಹದಿಹರೆಯದವರನ್ನು ಎಳೆದೊಯ್ದು ಕಾಡಿನಲ್ಲಿಟ್ಟು ‘ತಿದ್ದುವ’ ಶಿಬಿರಗಳಲ್ಲಿ ಮಕ್ಕಳು ಸತ್ತದ್ದನ್ನು ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆಯೇ 2007ರಲ್ಲಿ ದಾಖಲಿಸಿತು. ಶಿಬಿರದವರು ಪ್ರಥಮ ಚಿಕಿತ್ಸೆ ಬಲ್ಲವರೇ, ಹುಡುಗ ಬಯಸಿದಾಗ ಮನೆಗೆ ಫೋನ್ ಮಾಡಲು ಬಿಡುತ್ತಾರೆಯೇ, ಶಿಕ್ಷೆ ಕೊಡುತ್ತಾರೆಯೇ ಎಂದು ಮುಖಕ್ಕೆ ಮುಖ ಕೊಟ್ಟು ಕೇಳಿ. ಲೈಫ್ ಜಾಕೆಟ್ ಇಲ್ಲದೆ ಕಾವೇರಿಗೆ ಇಳಿಸುವವರ ಸಹವಾಸವೇ ಬೇಡ. ನಮ್ಮ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಲ್ಲೂ ವಿಚಾರಿಸಿ.

ನಿಜವಾದ ಕಷ್ಟ ಇರುವುದು ಮರಳಿ ಬಂದ ಮೇಲೆ. ಅದೇ ಬೀದಿ, ಅದೇ ಗೆಳೆಯರು, ಅದೇ ಖಾಲಿ ಸಂಜೆ. ಐಸ್‌ಲ್ಯಾಂಡ್‌ನಲ್ಲಿ 1990ರ ದಶಕದ ಕೊನೆಯಿಂದ ಹದಿಹರೆಯದವರ ಕುಡಿತವನ್ನು ಬಹಳಷ್ಟು ಇಳಿಸಿದವರು ಇದನ್ನೇ ಹಿಡಿದರು: ಸಂಜೆಗಳಿಗೆ ಆಟ, ಸಂಗೀತ, ತಂದೆತಾಯಿಯ ಜೊತೆ ಹೆಚ್ಚು ಹೊತ್ತು. ನಿಮ್ಮ ಹುಡುಗನಿಗೂ ವಾರವಾರ ಹೋಗಲು ಒಂದು ಕಬಡ್ಡಿ ಅಂಗಳವೋ ಸೈಕಲ್ ತಂಡವೋ ಬೇಕು. ಬರಲಿಲ್ಲವೇಕೆ ಎಂದು ಕೇಳುವ ಹಿರಿಯರೊಬ್ಬರು ಅಲ್ಲಿರಬೇಕು.

ಸೋದರಮಾವನಿಗೆ ನಮ್ಮ ಕಡೆ ಇರುವ ಸಲುಗೆಯನ್ನು ಬಳಸಿಕೊಳ್ಳಿ. ರಜೆಯವರೆಗೆ ಕಾಯದೆ ಈ ಭಾನುವಾರವೇ ಅವನೊಂದಿಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ. ಗಾಂಜಾದ ಮಾತನ್ನು ನೀವು ತೆಗೆಯಬೇಡಿ. ಅವನೇ ತೆಗೆದರೆ ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳಿ. ಆಸ್ಪತ್ರೆಗೂ ಜೊತೆಗೆ ನೀವೇ ಹೋಗಿ.